ಸ್ವಲ್ಪ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಮಹಡಿಯಲ್ಲಿ
ಕಾಫಿಯ ರುಚಿ ನೋಡುವುದು ನನ್ನ ಕೆಲಸ.
ಬಿಳಿ ಮೇಜು, ಇಪ್ಪತ್ತು ಲೋಟ, ಉಗುಳಲೊಂದು ಪಾತ್ರೆ.
ಚಮಚದಿಂದ ಸುರ್ರನೆ ಹೀರಬಹುದು,
ಪೇಟೆಗೇ ಕೇಳುವಷ್ಟು ಹೀರಬಹುದು,
ಮಾತು ಮಾತ್ರ ಕೂಡದು.
ಒಬ್ಬರು 'ಹುಳಿ' ಅಂದರೆ ಸಾಕು,
ಎಲ್ಲರ ನಾಲಿಗೆಗೂ ಹುಳಿ ಹತ್ತುತ್ತದೆ.

ಆ ಗುರುವಾರ ಕೇಪ್ ಟೌನಿನಿಂದ ರೆಂಟಿಯಾ ಬಂದಿದ್ದಳು,
ನಮ್ಮ ರೊಬಸ್ಟಾ ಕೊಳ್ಳಲು.
ಏಳನೇ ಲೋಟದ ಹತ್ತಿರ ಹೊಸ ಹುಡುಗ ಅಯ್ಯಣ್ಣ
ಹಾಕಿ ಪಂದ್ಯದ ಸುದ್ದಿ ಪಿಸುಗುಟ್ಟಿದ.
ನಾನು ತುಟಿಗೆ ಬೆರಳಿಟ್ಟೆ.

ಕೆಲಸ ಮುಗಿದ ಮೇಲೆ ಅವಳು ನಕ್ಕಳು:
ನಮ್ಮ ಆಫ್ರಿಕಾನ್ಸಿನಲ್ಲಿ ಇದಕ್ಕೆ ಮೆಟ್ಟಿಲುಗಳಿವೆ.
ಮೇಲಿನದು, ಸ್ಟಿಲ್, ಅಸ್ಸೆಬ್ಲೀಫ್:
ಸದ್ದು ಬೇಡ, ನಿಮಗೆ ಒಪ್ಪಿಗೆಯಾದರೆ.
ನಡುವಿನದು, ಬ್ಲೇ ಸ್ಟಿಲ್. ಮಕ್ಕಳಿಗೆ, ತಂಗಿಗೆ.
ಕೆಳಗಿನದನ್ನು ಹೇಳುವ ಮೊದಲು ಬಾಗಿಲ ಕಡೆ ನೋಡಿದಳು:
ಹೋ ಯೋ ಬೆಕ್.

ನನಗೆ ಬೆಕ್ಕು ಅಂತ ಕೇಳಿಸಿತು. ಬೆಕ್ಕಲ್ಲವಂತೆ.
ಬೆಕ್ ಅಂದರೆ ದನದ ಬಾಯಿ, ನಾಯಿಯ ಬಾಯಿ,
ಮನುಷ್ಯರದಕ್ಕೆ ಬೇರೆ ಪದವಿದೆಯಂತೆ.
ನಮ್ಮಲ್ಲೂ ಉಂಟು, ಅಂದೆ. ಮೂತಿ.
ಯಾರಿಗೆ ಹೇಳುತ್ತೀರಿ ಅದನ್ನು?
ಅಪ್ಪ ಹೇಳುತ್ತಿದ್ದ, ಅಂದಳು, ದ್ರಾಕ್ಷಿ ತೋಟದ ಆಳುಗಳಿಗೆ.
ಆಮೇಲೆ ತಣ್ಣಗಾದ ಲೋಟವೊಂದನ್ನು
ಬಹಳ ಹೊತ್ತು ಮೂಸಿದಳು.

ನಮ್ಮ ಮೆಟ್ಟಿಲು ಕೇಳಿದಳು. ನಾನು ಎಡವಿದೆ.
ಸುಮ್ಮನಿರಿ, ಅಂದೆ. ಆದರೆ
'ಯಾಕೆ ಬಂದೆ' ಅಂದರೆ 'ಸುಮ್ಮನೆ' ಅನ್ನುತ್ತೇವಲ್ಲ,
ಆ ಸುಮ್ಮನೆಯೂ ಇದೇ ಸುಮ್ಮನೆ.
ತೆಪ್ಪಗಿರು, ಅಂದೆ, ಕಾವೇರಿಯ ತೆಪ್ಪವಲ್ಲ.
ಅವಳು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು
ರೊಬಸ್ಟಾದ ಅಂಕಗಳ ಪಕ್ಕದಲ್ಲೇ.

ಹೇಳದೆ ಉಳಿಸಿಕೊಂಡದ್ದು ಇಷ್ಟು:
ನಾವು ನಿಂತ ನೆಲದ ಕೆಳಗೇ ಕಾಳು ಆರಿಸುವ ಷೆಡ್ಡು.
ನಮ್ಮವ್ವ ಜವರಮ್ಮ ಅಲ್ಲಿ ಇಪ್ಪತ್ತಾರು ವರ್ಷ ಕೂತವಳು.
ಕಪ್ಪು ಕಾಳು, ಒಡಕು ಕಾಳು, ಹುಳ ಕೊರೆದದ್ದು.
ಹಲ್ಲರ್ ಮೆಷಿನ್ನಿನ ಅಬ್ಬರಕ್ಕೆ ಗೋಡೆಯ ಸುಣ್ಣ ಉದುರುವ ಜಾಗ,
ಅಲ್ಲಿ ನಿಂತು ಮೇಸ್ತ್ರಿ ಪೊನ್ನುಸಾಮಿ ಕಿರುಚುವುದು,
'ಮೂತಿ ಮುಚ್ಕೊಂಡು ಕೆಲ್ಸ ನೋಡ್ರೇ!'
ಯಾವ ಸದ್ದು ಕೇಳಿತ್ತೋ ಅವನಿಗೆ.
ಹೆಂಗಸರು ದನಿಯೇ ಇಲ್ಲದೆ, ಬರೀ ತುಟಿಯಲ್ಲಿ
ಆಡಿಕೊಳ್ಳುತ್ತಿದ್ದರು: ಯಾರ ಸೊಸೆ ಬಸುರಿ,
ಯಾರ ಚೀಟಿ ದುಡ್ಡು ಮುಳುಗಿತು,
ಪೊನ್ನುಸಾಮಿಯ ಪಂಚೆ ಹಿಂದೆ ಎಲ್ಲಿ ಹರಿದಿದೆ.

ಆ ಷೆಡ್ಡು ಅವ್ವನ ಕಿವಿ ಇಟ್ಟುಕೊಂಡಿತು.
ಎದುರಿಗಿದ್ದರೆ ನನ್ನ ತುಟಿ ಓದುತ್ತಾಳೆ,
ಒಲೆ ಕಡೆ ತಿರುಗಿದರೆ ಕೂಗಲೇಬೇಕು.
ದಿನವಿಡೀ ಪಿಸುಗುಟ್ಟಿದ ಗಂಟಲನ್ನು
ಹೊಸಿಲಲ್ಲಿ ಬಿಚ್ಚಿಡುತ್ತೇನೆ:
ಮಾತ್ರೆ ತಗೊಂಡ್ಯಾ? ಮಾತ್ರೆ! ಅವ್ವಾ, ಮಾತ್ರೆ!

ಮೂರನೇ ಮಾತ್ರೆಗೆ ಬಾಗಿಲಲ್ಲಿ ಇರ್ಷಾದ್,
ಪಕ್ಕದ ಮನೆ ಸಫಿಯಾಬಿಯ ಮೊಮ್ಮಗ,
ವಿಜ್ಞಾನದ ಪುಸ್ತಕದೊಳಗೆ ಬೆರಳು ಸಿಕ್ಕಿಸಿಕೊಂಡು.
'ಅಕ್ಕಾ... ನಾಳೆ ಪರೀಕ್ಷೆ... ಸ್ವಲ್ಪ...'
ಅಷ್ಟೇ. ಕ್ರಿಯಾಪದ ಅವನ ಹೊಟ್ಟೆಯಲ್ಲೇ ಉಳಿಯಿತು.
ಅಯ್ಯೋ, ನಮ್ಮ ಮೇಲಿನ ಮೆಟ್ಟಿಲು ಇದಲ್ಲವೇ,
ರೆಂಟಿಯಾಳ ಪುಸ್ತಕಕ್ಕೆ ಇದೊಂದು ತಪ್ಪಿಹೋಯಿತು.

ಅವ್ವ ಅವನ ತುಟಿಯನ್ನೇ ನೋಡುತ್ತಿದ್ದಳು.
ಒಳಗೆ ಹೋಗಿ ಒಂದು ಲೋಟ ಸಕ್ಕರೆ ತಂದು ಅವನ ಕೈಗಿಟ್ಟಳು.
ಅವನು ನನ್ನನ್ನು ನೋಡಿದ, ಸಕ್ಕರೆಯನ್ನು ನೋಡಿದ,
ಚೆಲ್ಲದ ಹಾಗೆ ಹಿಡಿದು ಮೆಲ್ಲಗೆ ಇಳಿದುಹೋದ.

'ಒಳ್ಳೇ ಹುಡುಗ,' ಅಂದಳು ಅವ್ವ,
ಇಡೀ ಷೆಡ್ಡಿಗೆ ಕೇಳುವ ದನಿಯಲ್ಲಿ,
'ಬಾಯ್ಬಿಟ್ಟು ಕೇಳೋಕೇನು ಧಾಡಿ!'